ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕು

ಅಪ್ಪಯ್ಯ ಸಾಯುವ ಮುಂಚೆ ಕೇಳಿದ್ದು ಒಂದೇ. "ತಂಗಿಗೆ ಸುದ್ದಿ ಮುಟ್ಸು. ಹನ್ನೊಂದನೇ ದಿನದ ಕಾರ್ಯಕ್ಕಾದ್ರೂ ಬರ್ಲಿ."

ಆ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ನಾನು ನೋಡಿಯೇ ಇರಲಿಲ್ಲ. ಅಜ್ಜ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯ ಒಡೆಯರೊಬ್ಬರ ಗದ್ದೆಯ ಆಳು. ಒಡೆಯರು ಮಗಳನ್ನು ಸಾಗರದ ಕಡೆಗೆ ಮದುವೆ ಮಾಡಿ ಕಳಿಸುವಾಗ ಪಾತ್ರೆ, ಹಾಸಿಗೆ, ಕರೆಯುವ ಎಮ್ಮೆಯ ಜೊತೆಗೆ ಹತ್ತು ವರ್ಷದ ಅತ್ತೆಯನ್ನೂ ಕಳಿಸಿದರು. ಮದುಮಗಳಿಗೆ ಕೈಯಾಳು ಕೊಡುವುದು ಪದ್ಧತಿಯಂತೆ. ಅಜ್ಜನನ್ನು ಯಾರೂ ಕೇಳಲಿಲ್ಲ. ಪದ್ಧತಿ ಎಂದು ಬರೆಯುವಾಗ ಈಗಲೂ ಹಲ್ಲು ಕಚ್ಚಿಕೊಳ್ಳುತ್ತೇನೆ.

ಅಪ್ಪಯ್ಯ ತೀರಿದ ಐದನೆಯ ದಿನ ಹೊಸನಗರದ ಮೇಲೆ ಬಸ್ಸು ಹಿಡಿದು ಆ ಮದುಮಗಳ ಗಂಡನ ಊರಿಗೆ ಹೋದೆ. ಒಡೆಯರ ಮಗಳು ಬಾಣಂತನದಲ್ಲೇ ಸತ್ತಿದ್ದಳು. ಅವಳ ಗಂಡ, ಆ ಮನೆಯ ಯಜಮಾನ, ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ಅತ್ತೆಯ ಹೆಸರು ಹೇಳಿದೆ.

"ಆ ಹೆಸ್ರಿನೋರು ಈ ಮನೇಲಿ ಇದ್ದಿದ್ದು ಒಬ್ರೇ ಮಾರಾಯಾ, ನಮ್ಮಮ್ಮ. ಅವ್ರು ಹೋಗಿ ಎಷ್ಟೋ ವರ್ಷ ಆಯ್ತು. ಕರ್ಕೊಂಡು ಬಾ ಹೋಗು, ನೋಡಣ!" ಎಂದ. ಪಕ್ಕದಲ್ಲಿದ್ದವರೆಲ್ಲ ನಕ್ಕರು.

ವಾಪಸು ಬಸ್ಸಿಗೆ ಹೊತ್ತಿತ್ತು. ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ಅಲ್ಲಿಯ ಮೇಷ್ಟ್ರು ಏನೆಂದು ಕೇಳಿದರು. ನಡೆದದ್ದೆಲ್ಲ ಹೇಳಿದೆ. ಅರವತ್ತೊಂದರ ಜನಗಣತಿಯಲ್ಲಿ ಆ ಊರನ್ನು ಬರೆದವರು ಅವರೇ. ಕಚ್ಚಾ ಬರೆದುಕೊಂಡ ಪುಸ್ತಕ ಇನ್ನೂ ಶಾಲೆಯ ಬೀರುವಿನಲ್ಲಿತ್ತು. ಆ ಮನೆಯ ಹಾಳೆ ತೆಗೆದರು. ಮನೆಯವರೆಲ್ಲ ಮುಗಿದ ಮೇಲೆ ಆಳುಗಳು. ಅತ್ತೆಯ ಹೆಸರಿಲ್ಲ. ಮೇಷ್ಟ್ರ ಬೆರಳು ಮಾತ್ರ ಒಂದು ಸಾಲಿನಲ್ಲಿ ನಿಂತಿತು. ಬೇರೆ ಯಾವುದೋ ಹೆಸರು, ವಯಸ್ಸು ಅಂದಾಜು ನಲವತ್ತು, ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕು.

"ಆಳುಗಳಲ್ಲಿ ಆ ಕಡೆಯವ್ಳು ಇವ್ಳೊಬ್ಳೇ."

"ಹೆಸ್ರು ಇದಲ್ಲ ಮೇಷ್ಟ್ರೇ."

"ಯಜಮಾನ್ರ ಅಮ್ಮನ ಹೆಸ್ರೂ ಅದೇ ಅಂದ್ಯಲ್ಲಯ್ಯಾ. ಆ ಹೆಸ್ರು ಹಿಡ್ದು ಆಳನ್ನ ಬೈಯೋಕಾಗುತ್ತಾ? ಬದಲಿಸಿರ್ತಾರೆ."

"ನೀವು ಅವ್ಳನ್ನೇ ಕೇಳಿ ಬರೀಬೋದಿತ್ತು."

"ಜಗಲಿ ಮೇಲೆ ಕೂರ್ಸಿ ಕಾಫಿ ಕೊಟ್ರು. ಅವ್ರು ಹೇಳಿದ್ದು ಬರ್ದೆ," ಎಂದು ಪುಸ್ತಕ ಮುಚ್ಚಿದರು.

ಆ ಮನೆಯ ಕಡೆಗೆ ಓಡಿದೆ. ಪುಸ್ತಕದಲ್ಲಿದ್ದ ಹೆಸರು ಹೇಳಿ ಕೇಳಿದ್ದಕ್ಕೆ ದಾರಿಯಲ್ಲಿ ಸಿಕ್ಕ ಆಳೊಬ್ಬ ಆಲೆಮನೆ ತೋರಿಸಿದ. ಅತ್ತೆ ಆ ಮನೆಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದಳು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದು, ಆದರೂ ಅವಳ ಹುಟ್ಟುಹೆಸರು ಹಿಡಿದೇ ಕೂಗಿದೆ. ತಿರುಗಲಿಲ್ಲ. ಎದುರಿಗೆ ಹೋಗಿ ನಿಂತೆ. ಅಪ್ಪಯ್ಯನದೇ ಗದ್ದ. ಯಾರ ಮಗ ಎಂದು ಹೇಳಿ ವಿಷಯ ತಿಳಿಸಿದೆ.

"ಅಣ್ಣ ಹೋದ್ನಾ?" ಎಂದಳು. ಮತ್ತೊಂದು ಹಿಡಿ ಸಿಪ್ಪೆ ಒಲೆಗೆ ತಳ್ಳಿದಳು.

"ಹೊರಡತ್ತೆ. ಕಾರ್ಯಕ್ಕೆ ಇನ್ನೂ ದಿನ ಇದೆ."

ಅವಳು ನೋಡಿದ್ದು ನನ್ನನ್ನಲ್ಲ, ಹಿಂದೆ ಬಂದು ನಿಂತಿದ್ದ ಯಜಮಾನನನ್ನು.

"ಆಲೆಮನೆ ಮುಗೀಲಿ, ಕಳಿಸ್ತೀನಿ. ನಾನೇನು ಕಟ್ಟಿ ಹಾಕಿದೀನಾ?" ಎಂದ ಅವನು.

"ಮುಗೀಲಿ," ಎಂದಳು ಅತ್ತೆಯೂ.

ಆ ಒಂದು ಮಾತಿಗೆ ಅವಳ ಮೇಲೆ ಬಂದಷ್ಟು ಸಿಟ್ಟು ನನಗೆ ಆ ಯಜಮಾನನ ಮೇಲೂ ಬರಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹನ್ನೊಂದನೆಯ ದಿನ ಅವ್ವ ಮಧ್ಯಾಹ್ನ ಇಳಿಯುವವರೆಗೆ ಎಡೆ ಇಡಲು ಬಿಡಲಿಲ್ಲ. ದಾರಿ ನೋಡಿ ನೋಡಿ ಕೊನೆಗೆ ನನ್ನ ಕಡೆ ತಿರುಗಿದಳು.

"ಅವ್ಳೇ ಬರಲ್ಲ ಅಂದ್ಲೇನೋ, ಅವ್ರು ಬಿಡ್ಲಿಲ್ವೇನೋ? ಸರಿಯಾಗಿ ಹೇಳು."

ನಾನು ಎಡೆಗೆ ಬಾಳೆಲೆ ಹಾಸಿದೆ. ಅವ್ವನೇ ಎದ್ದು ಬಡಿಸಿದಳು.