ಗಯಾಜ್ ನೋಡದೆ ಬರೆದದ್ದು

ಸಕಲೇಶಪುರದ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಮೂರನೇ ಅಂಗಡಿ ಗಯಾಜ್ ಅಹಮದನದು. ಬೋರ್ಡಿನ ಮೇಲೆ ‘ಟೈಪಿಂಗ್ ಮತ್ತು ಅರ್ಜಿ’ ಎಂದಿದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಇಪ್ಪತ್ತು ವರ್ಷವಾದರೂ ಬೋರ್ಡು ಬದಲಾಗಿಲ್ಲ, ಆಸಾಮಿಯ ಹಟವೂ ಬದಲಾಗಿಲ್ಲ. ಅರ್ಜಿ ಬರೆಸಲು ಬಂದವರು ಒಂದು ಮಾತು ಹೇಳಿದರೆ ಅವನು ಹತ್ತು ಕೇಳುತ್ತಾನೆ. ಬೇಲಿ ಅಂದರೆ ಮುಳ್ಳಿನದೋ ತಂತಿಯದೋ? ಹಾದಿ ಅಂದರೆ ಗಾಡಿ ಹೋಗುತ್ತದೋ ಬರೀ ಕಾಲುಹಾದಿಯೋ? ಅವಸರದವರು ಗೊಣಗಿಕೊಂಡು ಪಕ್ಕದ ಅಂಗಡಿಗೆ ಹೋಗುವುದೂ ಉಂಟು. ಆದರೆ ಅವನ ಕೈಯಿಂದ ಹೋದ ಅರ್ಜಿ ಅರ್ಥವಾಗಲಿಲ್ಲವೆಂದು ವಾಪಸು ಬಂದದ್ದು ಯಾರಿಗೂ ನೆನಪಿಲ್ಲ.

ಆ ಹೆಸರಿನಿಂದಲೇ ಅವನಿಗೆ ಆ ಕೆಲಸ ಬಂತು. ಊರಿಗೆ ಹೊಸ ಮಹಾಯೋಜನೆ ತಯಾರಾಗುತ್ತಿತ್ತು. ಯಾವ ಜಾಗ ಮನೆಗೆ, ಯಾವುದು ಅಂಗಡಿಗೆ, ಯಾವುದು ಕಾರ್ಖಾನೆಗೆ, ಯಾವುದು ಇದ್ದ ಹಾಗೇ ಇರಬೇಕು ಎಂದು ನಕ್ಷೆಗೆ ಬಣ್ಣ ಹಚ್ಚಿ, ಅದಕ್ಕೊಂದು ನಿಯಮಾವಳಿ ಬರೆಯುವ ಕೆಲಸ. ಯೋಜನಾ ಕಚೇರಿಯ ಚಂದನ್ ಎಂಬ ಎಳೆಯ ಅಧಿಕಾರಿ ಒಂದು ಕಟ್ಟು ಕಾಗದ ತಂದು ಗಯಾಜನ ಮೇಜಿನ ಮೇಲಿಟ್ಟ. ಮೊದಲ ಅಧ್ಯಾಯವೇ ವ್ಯಾಖ್ಯೆಗಳು. ತೊಂಬತ್ತನಾಲ್ಕು ಪದಗಳು. ಇಂಗ್ಲಿಷಿನಿಂದ ಯಾರೋ ಕನ್ನಡಕ್ಕೆ ಇಳಿಸಿದ್ದರು. ಇಳಿಸಿದವರಿಗೆ ಪುಣ್ಯ ಬರಲಿ, ಓದಿದವರಿಗೆ ತಲೆನೋವು ಬರುತ್ತಿತ್ತು.

“ಸಾಬ್ರೇ, ಜನಕ್ಕೆ ಅರ್ಥ ಆಗೋ ಹಾಗೆ ಮಾಡ್ಕೊಡಿ. ಎಲ್ಲಿ ಸಡಿಲ ಅನ್ನಿಸುತ್ತೋ ಅಲ್ಲಿ ಬಿಗಿ ಮಾಡಿ. ಆಮೇಲೆ ಒಬ್ಬೊಬ್ರು ಒಂದೊಂದು ಅರ್ಥ ಹೇಳ್ಕೊಂಡು ಕೋರ್ಟಿಗೆ ಹೋಗ್ಬಾರ್ದು,” ಎಂದ ಚಂದನ್.

ಗಯಾಜನಿಗೆ ಹಬ್ಬವಾಯಿತು. ಮೂರು ತಿಂಗಳು ಅವನು ಬೇರೆ ಕೆಲಸ ಮುಟ್ಟಲಿಲ್ಲ. ಅವನದೊಂದು ರೀತಿಯಿತ್ತು: ಯಾವ ವಸ್ತುವಿಗೆ ಅರ್ಥ ಬರೆಯಬೇಕೋ ಆ ವಸ್ತುವನ್ನು ಹೋಗಿ ಕಣ್ಣಾರೆ ನೋಡುವುದು. ‘ಗೂಡಂಗಡಿ’ ಬರೆಯುವ ಮೊದಲು ಬಸ್ ನಿಲ್ದಾಣದ ಬಳಿ ಟೇಪು ಹಿಡಿದು ಅಳೆದ. ಬೀಡಾ ಮಾರುವವನು ಎತ್ತಂಗಡಿ ಮಾಡಿಸಲು ಬಂದವನೆಂದು ಹೆದರಿ ಎರಡು ಬಾಳೆಹಣ್ಣು ಕೊಟ್ಟ. ‘ಗೋದಾಮು’ ಬರೆಯುವ ಮೊದಲು ಕಾಫಿ ವ್ಯಾಪಾರದ ಫಯಾಜನ ಮಳಿಗೆಯಲ್ಲಿ ಮೂಟೆಗಳ ನಡುವೆ ಅರ್ಧ ದಿನ ಕೂತ. ‘ತೋಟ’ಕ್ಕಾಗಿ ಬೋರಯ್ಯನವರ ಎಸ್ಟೇಟಿಗೆ ಹೋಗಿ ಬಂದು, ‘ಮರ ಅಥವಾ ಗಿಡಗಳನ್ನು ಸಾಲಾಗಿ ನೆಟ್ಟು ಬೆಳೆಸಿದ ಭೂಮಿ’ ಎಂದು ಬರೆದ. ಹೀಗೆ ತೊಂಬತ್ತಮೂರು ಪದಗಳನ್ನು ಅವನು ನೋಡಿ ಬರೆದ ಅಥವಾ ಕೇಳಿ ಬರೆದ.

ಒಂದೇ ಒಂದಕ್ಕೆ ಎಲ್ಲಿಗೂ ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ. ಅದು ‘ಸ್ಮಶಾನ’.

ಅದು ತನಗೆ ಗೊತ್ತೆಂದು ಅವನು ತಿಳಿದಿದ್ದ. ಹೆಂಡತಿ ಹಾಜಿರಾ ತೀರಿಕೊಂಡು ಆಗ ಒಂದೂವರೆ ವರ್ಷ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಖಬರಸ್ತಾನಕ್ಕೆ ಹೋಗುತ್ತಿದ್ದ. ಸುತ್ತ ಕಲ್ಲಿನ ಗೋಡೆ, ಕಬ್ಬಿಣದ ಗೇಟು, ಒಳಗೆ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಗೇಟು ಹಾಕಿಕೊಂಡು ಹೊರಗೆ ಬರುವಾಗ ಅವಳು ಭದ್ರವಾಗಿದ್ದಾಳೆ ಎಂಬ ಸಮಾಧಾನ ಅವನಿಗೆ ಆಗುತ್ತಿತ್ತು. ಕಚೇರಿಯ ಕಾಗದದಲ್ಲಿ ‘ಶವಗಳನ್ನು ಹೂಳಲು ಅಥವಾ ಸುಡಲು ಬಳಸುವ ಭೂಮಿ’ ಎಂದಷ್ಟೇ ಇತ್ತು. ಅದು ಬರಿದಾಯಿತು ಅನ್ನಿಸಿತು. ‘ಭೂಮಿ’ಗೆ ಮೊದಲು ಅವನು ಸೇರಿಸಿದ: ‘ಗೋಡೆ ಅಥವಾ ಬೇಲಿಯಿಂದ ಸುತ್ತುವರಿದು, ಸಮಾಧಿಗಳ ಗುರುತು ಕಣ್ಣಿಗೆ ಕಾಣುವಂತಿರುವ.’ ಸೇರಿಸಿ ಕಣ್ಣೊರೆಸಿಕೊಂಡ. ಆ ಜಾಗಕ್ಕೆ ಇನ್ನು ಯಾವ ಸರ್ಕಾರವೂ ಕೈ ಹಚ್ಚುವಂತಿಲ್ಲ ಎಂದುಕೊಂಡ.

ಕರಡು ಕಚೇರಿಯ ಗೋಡೆಗೆ ಅಂಟಿತು, ಆಕ್ಷೇಪಣೆಯ ದಿನಗಳು ಕಳೆದವು, ಬೆಂಗಳೂರಿನಿಂದ ಒಪ್ಪಿಗೆ ಬಂತು. ಚಂದನ್ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ತಾನೇ ತಂದುಕೊಟ್ಟ. ಗಯಾಜ್ ಅದಕ್ಕೆ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿಟ್ಟ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬೆಟ್ಟಮ್ಮ ಬಂದಳು. ಊರ ಅಂಚಿನ ಹಳೇ ಎಸ್ಟೇಟಿನ ಲೈನಿನವಳು, ಅಂದರೆ ಕೂಲಿಯವರ ಸಾಲುಮನೆಯವಳು. ಹಾಜಿರಾಳಿಗೂ ಅವಳಿಗೂ ಇಪ್ಪತ್ತು ವರ್ಷದ ಒಡನಾಟ. ಅವಳ ಮಗಳು ಶೃತಿಗೆ ಸ್ಕೂಲಿನ ಲಂಗ ಹೊಲಿದುಕೊಡುತ್ತಿದ್ದವಳು ಹಾಜಿರಾನೇ. ಹನ್ನೊಂದು ವರ್ಷದ ಆ ಹುಡುಗಿ ಕಾಮಾಲೆಯಿಂದ ತೀರಿಹೋಗಿ ಒಂಬತ್ತು ವರ್ಷವಾಗಿತ್ತು.

“ಗಯಾಜಣ್ಣ, ಒಂದು ಅರ್ಜಿ ಬರ್ದುಕೊಡಿ. ಹಾಲುವಾಣದ ದಿಣ್ಣೇಲಿ ಗೂಟ ಹೊಡ್ದವ್ರೆ. ಅಂಗ್ಡಿ ಸಾಲು ಕಟ್ತಾರಂತೆ. ನಮ್ ಶೃತಿ ಅಲ್ಲೇ ಅವ್ಳೆ.”

ಗಯಾಜ್ ಎಂದಿನಂತೆ ಪ್ರಶ್ನೆ ಶುರು ಮಾಡಿದ. “ದಿಣ್ಣೆಗೆ ಬೇಲಿ ಐತಾ?”

“ಇಲ್ಲ ಕಣಣ್ಣ. ಎಸ್ಟೇಟಿನ ಜಾಗಕ್ಕೆ ನಾವ್ಯಾಕೆ ಬೇಲಿ ಹಾಕಾಣ?”

“ಕಲ್ಲು ಗಿಲ್ಲು ನೆಟ್ಟಿದ್ದೀರಾ?”

“ಕಲ್ಲು ನೆಡಂಗಿಲ್ಲ ಅಂದಿದ್ರು ನಮ್ಮಪ್ಪನ ಕಾಲದ ಎಸ್ಟೇಟ್ ರೈಟರ್ರು. ಕಲ್ಲು ನೆಟ್ರೆ ನಾಳೆ ಜಾಗ ನಮ್ದು ಅಂತೀರ ಅಂದ್ರಂತೆ. ಮರ ನೆಟ್ರೆ ಏನೂ ಅನ್ನಲಿಲ್ಲ, ಕಾಫಿಗೆ ನೆರಳಾಯ್ತದಲ್ಲ. ಅದಕ್ಕೆ ನಮ್ಮೋರು ಸತ್ತಾಗ ತಲೆ ತಾವ ಒಂದು ಹಾಲುವಾಣದ ಕೊಂಬೆ ನೆಡ್ತೀವಿ. ಮಳೆ ಬಿದ್ರೆ ಚಿಗುರ್ಕತದೆ. ಸಾಲಾಗಿ ಬೆಳ್ದವೆ, ಒಂದೊಂದು ಮರಕ್ಕೂ ಒಬ್ಬೊಬ್ರು ಅವ್ರೆ.”

ಗಯಾಜನ ಕೈ ಕೀಲಿಮಣೆಯ ಮೇಲೆ ನಿಂತಿತು. ಬೇಲಿಯಿಲ್ಲ, ಗೋಡೆಯಿಲ್ಲ, ಗುರುತಿಲ್ಲ. ಸಾಲಾಗಿ ನೆಟ್ಟ ಮರಗಳು. ಅದು ತಾನೇ ಬರೆದ ‘ತೋಟ’. ಅವಳಿಗೆ ಏನೂ ಹೇಳದೆ ಅರ್ಜಿ ಬರೆದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಅರ್ಜಿಯನ್ನೂ ಬರೆದಿರಲಿಲ್ಲ. ತಾನೇ ಅವಳನ್ನು ಕರೆದುಕೊಂಡು ಕಚೇರಿಗೆ ಹೋದ.

ಚಂದನ್ ಕೆಟ್ಟವನಲ್ಲ. ಬೆಟ್ಟಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ, ಅರ್ಜಿಯನ್ನು ಎರಡು ಸಲ ಓದಿದ, ನಕ್ಷೆ ಬಿಡಿಸಿದ. ರಸ್ತೆಯ ಪಕ್ಕದ ಆ ತುಂಡಿಗೆ ನೀಲಿ ಬಣ್ಣವಿತ್ತು, ಅಂಗಡಿಗಳ ಬಣ್ಣ. ಸರ್ವೆಗೆ ಬಂದವರು ಕರಡಿನ ವ್ಯಾಖ್ಯೆ ನೋಡಿಕೊಂಡು ಅದನ್ನು ತೋಟ ಎಂದು ಬರೆದಿದ್ದರು. ತೋಟವಾದರೆ ರಸ್ತೆ ಬದಿಯಲ್ಲಿ ಅಂಗಡಿಗೆ ಬದಲಿಸಬಹುದು. ಸ್ಮಶಾನವಾಗಿದ್ದರೆ ಯಾರೂ ಮುಟ್ಟುವಂತಿರಲಿಲ್ಲ. ಚಂದನ್ ಪುಸ್ತಕ ತೆಗೆದು ಆ ವ್ಯಾಖ್ಯೆಯನ್ನು ಜೋರಾಗಿ ಓದಿದ. ಓದಿ ಮುಗಿಸಿ ಗಯಾಜನ ಮುಖ ನೋಡಿ ಪುಸ್ತಕ ಮುಚ್ಚಿದ.

“ಬದಲಾಯಿಸೋಕೆ ಬರಲ್ವಾ ಸಾರ್?” ಎಂದ ಗಯಾಜ್.

“ಹತ್ತು ವರ್ಷಕ್ಕೆ ಒಂದು ಸಲ ಪರಿಷ್ಕರಣೆ ಸಾಬ್ರೇ. ಅಷ್ಟರಲ್ಲಿ ಅಲ್ಲಿ ಕಟ್ಟಡ ಆಗಿರುತ್ತೆ. ಲೈಸೆನ್ಸ್ ಕೊಟ್ಟಾಗಿದೆ.”

ಮೆಟ್ಟಿಲು ಇಳಿಯುವಾಗ ಬೆಟ್ಟಮ್ಮ ಕೇಳಿದಳು, “ಅದ್ಯಾವ ಪುಣ್ಯಾತ್ಮ ಬರ್ದನಣ್ಣ ಅದನ್ನ? ಗೋಡೆ ಇಲ್ದೋರು ಸಾಯಲ್ಲ ಅಂತಾನಾ?”

ಬರೆದವನು ತಾನೇ ಎನ್ನಲು ಗಯಾಜನಿಗೆ ಧೈರ್ಯ ಬರಲಿಲ್ಲ. ಆ ಸಂಜೆ ಅನ್ನ ತಟ್ಟೆಯಲ್ಲೇ ಉಳಿಯಿತು. ಅವನಿಗೆ ಒಂಬತ್ತು ವರ್ಷದ ಹಿಂದಿನ ದಿನ ನೆನಪಾಗಿ ಹಿಂಡತೊಡಗಿತು. ಶೃತಿ ಹೋದ ದಿನ ಹಾಜಿರಾ ಲೈನಿಗೆ ಹೊರಟಿದ್ದಳು. “ನೀವೂ ಬನ್ನಿ,” ಎಂದಿದ್ದಳು. ಅವನಿಗೆ ಮತದಾರರ ಪಟ್ಟಿ ಟೈಪು ಮಾಡಿ ಮುಗಿಸುವ ಅವಸರ. ಅವಳು ವಾಪಸು ಬಂದು, “ಮರದ ಸಾಲಿನಲ್ಲಿ ಇಟ್ರು ಮಗೂನ. ಒಂದು ಕೊಂಬೆ ನೆಟ್ರು ರೀ,” ಎಂದು ಅತ್ತಾಗ ಅವನು ಪರದೆಯಿಂದ ಕಣ್ಣು ತೆಗೆಯದೆ ಹೂಂಗುಟ್ಟಿದ್ದ. ಗೂಡಂಗಡಿಯ ಅಗಲವನ್ನು ಟೇಪು ಹಿಡಿದು ಅಳೆದವನು ತನ್ನ ಹೆಂಡತಿ ಹೇಳಿದ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ದಿಣ್ಣೆಗೆ ಹೋದ. ಬೆಟ್ಟಮ್ಮ ಕೆಲಸ ಬಿಟ್ಟು ಬಂದಳು. ಹತ್ತೊಂಬತ್ತು ಮರಗಳು. ಅವಳು ಒಂದೊಂದರ ಬುಡಕ್ಕೂ ಹೋಗಿ ಕೈಯಿಟ್ಟು ಹೇಳಿದಳು: ಇದು ನಮ್ಮಪ್ಪ. ಇದು ಮಾರಮ್ಮ, ಬಾಣಂತನದಲ್ಲಿ ಹೋದಳು. ಇದು ಬಾಲು, ಮರ ಸವರುವಾಗ ಬಿದ್ದ. ಒಂದು ಕಡೆಯೂ ತಡವರಿಸಲಿಲ್ಲ. ಕೊನೆಯದು ಉಳಿದವುಗಳಿಗಿಂತ ಸಣ್ಣದು, ತೊಡೆಯಷ್ಟು ದಪ್ಪ. ಅದರ ಹೆಸರು ಹೇಳದೆ, ಬಳಿ ನಿಂತು ತೊಗಟೆಯ ಮೇಲೆ ಹತ್ತಿದ್ದ ಇರುವೆಗಳನ್ನು ಒರೆಸಿದಳು.

ಇನ್ನು ಬಚ್ಚಿಡಲು ಅವನಿಂದ ಆಗಲಿಲ್ಲ. “ಬೆಟ್ಟಮ್ಮ, ಅದನ್ನ ಬರ್ದೋನು ನಾನೇ,” ಎಂದ.

ಅವಳು ತಿರುಗಿ ನೋಡಿದಳು. ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. ಇರುವೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಅಂದಳು, “ನೀವು ನೋಡಿರ್ನಿಲ್ವಲ್ಲಣ್ಣ. ಹಾಜಿರಕ್ಕ ನೋಡಿದ್ಲು. ಅವ್ಳು ಇದ್ದಿದ್ರೆ ಹೇಳ್ತಿದ್ಲು.”

ಗಯಾಜ್ ಮರ ಹಿಡಿದುಕೊಂಡು ಅತ್ತ. ಅರವತ್ತು ದಾಟಿದ ಗಂಡಸು, ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದರೂ ನಾಚದೆ ಅತ್ತ.

ಮೇ ಎರಡನೇ ವಾರ ಜೆಸಿಬಿ ಬಂತು. ಮರ ಉರುಳಿಸಲು ಅರ್ಧ ದಿನವೂ ಹಿಡಿಯಲಿಲ್ಲ. ಹಾಲುವಾಣ ಮೆದು ಮರ. ಬಳಿಕ ದಿಣ್ಣೆಯನ್ನು ರಸ್ತೆಯ ಮಟ್ಟಕ್ಕೆ ಕಡಿದು ಮಣ್ಣನ್ನು ಟಿಪ್ಪರಿಗೆ ತುಂಬಿದರು. ಲೈನಿನ ಹೆಂಗಸರು ಒಂದು ಕಡೆ ನಿಂತಿದ್ದರು. ಗಯಾಜನೂ ಅವರ ಜೊತೆ ನಿಂತಿದ್ದ. ಬೆಟ್ಟಮ್ಮ ಟಿಪ್ಪರಿನ ಹತ್ತಿರ ಹೋಗಿ ಡ್ರೈವರ್ ಶಿವುವನ್ನು ಕೇಳಿದಳು, “ಮಣ್ಣು ಎಲ್ಲಿಗೆ ಹೊಯ್ತೀಯಪ್ಪ?”

“ಎಲ್ಲಿ ತಗ್ಗೈತೋ ಅಲ್ಲಿಗೆ ಕಣವ್ವ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಆಲೂರು ರೋಡಲ್ಲಿ ಎರಡು ಸೈಟು ತುಂಬ್ಸೋದೈತೆ,” ಎಂದ ಅವನು. ಅವನಿಗೆ ಏನೂ ಗೊತ್ತಿರಲಿಲ್ಲ.

ಬೆಟ್ಟಮ್ಮ ಅಷ್ಟೂ ಟಿಪ್ಪರುಗಳನ್ನು ನೋಡಿದಳು. ಯಾವುದರಲ್ಲಿ ಯಾರು ಹೋದರೋ. ಬಿದ್ದ ಮರಗಳ ನಡುವೆ ಹುಡುಕಿ, ಆ ಸಣ್ಣ ಮರದಿಂದ ಕೈಯುದ್ದದ ಒಂದು ಕೊಂಬೆ ಕಡಿದು ತಂದಳು. ಲೈನಿನಲ್ಲಿ ನೆಡಲು ಅವಳಿಗೆ ಗೇಣು ಜಾಗವೂ ಸ್ವಂತದ್ದಿಲ್ಲ. ಗಯಾಜ್ ಕೈ ಚಾಚಿದ. ಅವಳು ಕೊಟ್ಟಳು. ಅವನು ಅದನ್ನು ಮನೆಗೆ ತಂದು ಹಿತ್ತಲಿನಲ್ಲಿ, ಹಾಜಿರಾ ಬಟ್ಟೆ ಒಣಗಿಸುತ್ತಿದ್ದ ಜಾಗದ ಪಕ್ಕ ನೆಟ್ಟ. ಮಗಳು ಅಫ್ಶಾನ್ ಯಾಕೆಂದು ಕೇಳಿದಾಗ ಎಲ್ಲವನ್ನೂ ಹೇಳಿದ. ಅವಳು ದಿನವೂ ನೀರು ಹಾಕಿದಳು.

ಅದೇ ವಾರ ಅವನು ತನ್ನ ಪುಸ್ತಕ ತೆಗೆದು ಆ ವ್ಯಾಖ್ಯೆಯ ಮೇಲೆ ಗೀಟು ಎಳೆದು, ಅಂಚಿನಲ್ಲಿ ಪೆನ್ನಿನಿಂದ ಬರೆದ: ‘ಸ್ಮಶಾನ ಎಂದರೆ, ತಮ್ಮವರನ್ನು ಮಣ್ಣು ಮಾಡಿದವರು ಇದೇ ಎಂದು ಕೈಯಿಟ್ಟು ತೋರಿಸುವ ಜಾಗ.’ ಚಂದನ್ ಅದನ್ನು ಓದಿ, ಮುಂದಿನ ಪರಿಷ್ಕರಣೆಗೆ ಕಳಿಸೋಣ ಎಂದು ಒಂದು ಫೈಲಿನಲ್ಲಿ ಬರೆದುಕೊಂಡ. ಆ ಫೈಲು ಇನ್ನೂ ಅಲ್ಲೇ ಇರಬೇಕು.

ಮಳೆ ಹಿಡಿಯಿತು. ಜುಲೈಯಲ್ಲಿ ಕೊಂಬೆ ಚಿಗುರಿತು. ಗಯಾಜನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೆಟ್ಟಮ್ಮ ಆಗ ಮಗ್ಗೆ ಊರಿನ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಸಂತೆಯ ದಿನ ಅವಳನ್ನು ಹುಡುಕಿ, ಮನೆಗೆ ಕರೆದುಕೊಂಡು ಬಂದು ಹಿತ್ತಲಿಗೆ ಕರೆದೊಯ್ದ. ಮೂರು ಮೂರು ಎಲೆಯ ನಾಲ್ಕು ಚಿಗುರು. ಅವಳು ಕೊಡೆ ಮಡಿಸಿ ಬಗ್ಗಿ ನೋಡಿದಳು, ಒಂದು ಎಲೆಯನ್ನು ಬೆರಳ ಮೇಲೆ ಇಟ್ಟುಕೊಂಡಳು.

“ಚೆನ್ನಾಗಿ ಬಂದೈತೆ,” ಎಂದಳು. ಅವನ ಮುಖ ಅರಳಿದ್ದನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಿರಬೇಕು, ಮೆಲ್ಲಗೆ ಹೇಳಿದಳು. “ಕಾಫಿ ಗಿಡ ಇದ್ರೆ ನೆರಳಾಯ್ತದೆ, ಅಷ್ಟೇ ಕಣಣ್ಣ. ಇದರ ಕೆಳಗೆ ಯಾರೂ ಇಲ್ವಲ್ಲ.”

ಅವಳು ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು. ಅಫ್ಶಾನ್ ಕೊಟ್ಟ ಚಹಾ ಕುಡಿದು ಹೊರಟುಹೋದಳು.