ಚಾಂಪಿಯನ್ನನ ಮೂಗಿಗೊಂದು ಗುದ್ದು

ಕಳೆದ ಭಾನುವಾರ ನಾನು ಹೆವಿವೆಯ್ಟ್ ಬಾಕ್ಸಿಂಗ್ ಚಾಂಪಿಯನ್ ಒಬ್ಬನ ಮೂಗಿಗೆ ಗುದ್ದಿದೆ.

ನಗಬೇಡಿ. ನಿಜವಾಗಿಯೂ ಗುದ್ದಿದೆ. ಅವನ ಮೂಗಿಗೆ ಏನೂ ಆಗಲಿಲ್ಲ. ನನ್ನ ಬಲಗೈ ಮಣಿಕಟ್ಟು ಮಾತ್ರ ಊದಿಕೊಂಡಿದೆ. ಬಿಸಿ ಎಣ್ಣೆ ಸವರಿದ ಕೈಯಲ್ಲೇ ಈ ವಾರದ ಅಂಕಣ ಬರೆಯುತ್ತಿದ್ದೇನೆ. ಕಾಗದದ ಮೇಲೆ ಎಣ್ಣೆಯ ಕಲೆ ಕಂಡರೆ ಸಂಪಾದಕರು ಕ್ಷಮಿಸಬೇಕು.

“ರಿಟೈರ್ ಆದ್ಮೇಲೆ ರಾಮಾ ಕೃಷ್ಣಾ ಅಂತ ಇರೋದ್ ಬಿಟ್ಟು ಈ ಗುದ್ದಾಟ ಎಲ್ಲ ಯಾಕ್ರೀ ಬೇಕಿತ್ತು ನಿಮಗೆ?” ಎಂದು ನನ್ನಾಕೆ ಕೇಳುತ್ತಲೇ ಇದ್ದಾಳೆ. ಅವಳಿಗೆ ಉತ್ತರ ಕೊಡುವಷ್ಟು ಧೈರ್ಯ ನನಗಿಲ್ಲ. ನಿಮಗಾದರೆ ಹೇಳಬಹುದು.

ಗುದ್ದಿಸಿಕೊಂಡವನು ಅನುಗೊಂಡನಹಳ್ಳಿ ಕಡೆಯ ಪಿಳ್ಳಪ್ಪ. (ಹೆಸರು ಪಿಳ್ಳಪ್ಪ. ಆಳು ನಮ್ಮ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ, ಆಮೇಲೆ ಅಡ್ಡ ತಿರುಗಿ ಒಳಗೆ ಬರುತ್ತಾನೆ.) ಹೊಸಕೋಟೆಯಲ್ಲಿ ನಾನು ಮೇಷ್ಟರಾಗಿದ್ದಾಗ ನನ್ನ ಶಿಷ್ಯ. ಲೆಕ್ಕದಲ್ಲಿ ಸೊನ್ನೆ. ಎಷ್ಟು ಬೆತ್ತ ಮುರಿದರೂ ಸೊನ್ನೆಯೇ. ಈಗ ಬದನೆ, ಕೋಸು ಬೆಳೆದು ಗಾಡಿಯಲ್ಲಿ ಪೇಟೆಗೆ ತರುತ್ತಾನೆ.

ಬದನೆ ಬೆಳೆಯುವವನು ಬಾಕ್ಸರ್ ಆದದ್ದು ಹೇಗೆ? ಎಲ್ಲ ಯುದ್ಧದ ಪ್ರಸಾದ. ಮದ್ರಾಸ್ ರಸ್ತೆಯ ಬದಿಯಲ್ಲಿದ್ದ ಮಿಲಿಟರಿ ಕ್ಯಾಂಪಿಗೆ ಆಗ ತರಕಾರಿ ಹಾಕುತ್ತಿದ್ದವನು ಇವನೇ. ಎರಡು ಕಂಕುಳಲ್ಲಿ ಎರಡು ಮೂಟೆ ಅವುಚಿಕೊಂಡು ಇವನು ನಡೆದು ಬರುವುದನ್ನು ಅಲ್ಲಿನ ಬಿಳಿ ಸಾರ್ಜೆಂಟ್ ಒಬ್ಬ ನೋಡಿದ. ಅವನು ಬಾಕ್ಸರು. ಅವನೂ ಇಂಥದೇ ಆಳು. ಅವನ ಎದುರು ನಿಲ್ಲುವವರು ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ. ಮೂಟೆ ಕೆಳಗಿಡಿಸಿ, ಕೈಗೆ ಗ್ಲೌಸು ತೊಡಿಸಿ, ಮೊದಲ ದಿನವೇ ಇವನನ್ನು ನೆಲಕ್ಕೆ ಕೆಡವಿದನಂತೆ. ಪಿಳ್ಳಪ್ಪನಿಗೆ ಇಂಗ್ಲಿಷ್ ಬಾರದು. ಸಾರ್ಜೆಂಟನಿಗೆ ಕನ್ನಡ ಬಾರದು. ಯುದ್ಧ ಮುಗಿಯುವವರೆಗೂ ಇಬ್ಬರೂ ಗುದ್ದುಗಳಲ್ಲೇ ಮಾತಾಡಿಕೊಂಡರು.

ಬೆಂಗಳೂರಿನ ಅಮೆಚೂರ್ ಟೂರ್ನಮೆಂಟಿನಲ್ಲಿ ಹೆವಿವೆಯ್ಟ್ ಫೈನಲ್ಲಿಗೆ ಬಂದವರೂ ಈ ಇಬ್ಬರೇ. (ಅಮೆಚೂರ್ ಎಂದರೆ ಬಿಟ್ಟಿಯಾಗಿ ಏಟು ತಿನ್ನುವವರು. ನಮ್ಮಂಥ ಅಂಕಣಕಾರರ ಹಾಗೆ.) ಪಿಳ್ಳಪ್ಪನ ಮೂಗು ಮುರಿಯಿತು. ಸಾರ್ಜೆಂಟನ ತುಟಿ ಹರಿಯಿತು. ಪಾಯಿಂಟ್ ಲೆಕ್ಕದಲ್ಲಿ ಪಿಳ್ಳಪ್ಪ ಗೆದ್ದ. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಗೋಲಿ ಸೋಡಾ ಕುಡಿದರಂತೆ. ಗೆದ್ದ ಕಥೆಗಿಂತ ಸೋಡಾ ಕುಡಿದ ಕಥೆಯನ್ನೇ ಪಿಳ್ಳಪ್ಪ ನನಗೆ ಹೆಚ್ಚು ಸಲ ಹೇಳಿದ್ದಾನೆ.

ಯುದ್ಧ ಮುಗಿಯಿತು. ಸಾರ್ಜೆಂಟ್ ಹಡಗು ಹತ್ತಿದ. ಹೋಗುವಾಗ ತನ್ನ ಗ್ಲೌಸನ್ನೂ ಇವನಿಗೇ ಕೊಟ್ಟು ಹೋದ. ಒಂದೇ ಜೊತೆ ಗ್ಲೌಸಿನಲ್ಲಿ ಬಾಕ್ಸಿಂಗ್ ಆಗುತ್ತದೆಯೇ? ಪಿಳ್ಳಪ್ಪನ ಮನೆಯ ಗೋಡೆಯಲ್ಲಿ ಈಗ ಒಂದೇ ಮೊಳೆಗೆ ಎರಡು ಜೊತೆ ತೂಗುತ್ತವೆ.

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷವೂ ಪಿಳ್ಳಪ್ಪನೇ ಚಾಂಪಿಯನ್. ಹೇಗೆ ಗೆಲ್ಲುತ್ತಾನೆ? ಎದುರಾಳಿಯೇ ಇಲ್ಲವಲ್ಲ! ಸಣ್ಣ ತೂಕದ ಪಂದ್ಯಗಳಿಗೆ ಹುಡುಗರು ಸಾಲುಗಟ್ಟಿ ನಿಲ್ಲುತ್ತಾರೆ. ಹೆವಿವೆಯ್ಟಿಗೆ ಒಬ್ಬನೂ ಇಲ್ಲ. ಕಲ್ಲು ಬೆರೆತ ರೇಷನ್ ಅಕ್ಕಿ ತಿಂದು ನಮ್ಮಲ್ಲಿ ಯಾರು ತಾನೇ ಆ ತೂಕಕ್ಕೆ ಬಂದಾರು?

ಈ ವರ್ಷ ಮಾತ್ರ ಒಬ್ಬ ಹೆಸರು ಕೊಟ್ಟಿದ್ದ. ಕೋಲಾರದ ಗಣಿ ಕಡೆಯವನು. ಸುದ್ದಿ ಕೇಳಿದ ದಿನ ಪಿಳ್ಳಪ್ಪ ಗಾಡಿಯನ್ನು ಸಂತೆಯಲ್ಲೇ ಬಿಟ್ಟು ನಮ್ಮ ಮನೆಗೆ ಓಡಿಬಂದ.

“ಮೇಷ್ಟ್ರೇ, ಒಬ್ಬ ಸಿಕ್ಕವ್ನೆ! ನನ್ನಷ್ಟೇ ದಪ್ಪ ಅವ್ನಂತೆ!”

ಮಗಳಿಗೆ ಗಂಡು ಗೊತ್ತಾದ ತಂದೆಯ ಮುಖದಲ್ಲೂ ಅಂಥ ಸಂತೋಷವನ್ನು ನಾನು ಕಂಡಿಲ್ಲ. ಅವತ್ತಿನಿಂದ ಬೆಳಗ್ಗೆ ಕೆರೆ ಏರಿಯ ಮೇಲೆ ಓಟ. ಸಂಜೆ ಹುಣಿಸೆಮರಕ್ಕೆ ತೂಗುಹಾಕಿದ ಹೊಟ್ಟಿನ ಮೂಟೆಗೆ ಗುದ್ದು.

“ವಯಸ್ಸಾಯ್ತಾ ಬಂತು ಮೇಷ್ಟ್ರೇ. ಕಾಲು ಮುಂಚಿನಂಗೆ ತಿರುಗಲ್ಲ. ಮೈ ಪೂರ್ತಿ ಸೋಲೋಕ್ ಮುಂಚೆ ಇನ್ನೊಂದೇ ಒಂದ್ಸಾರಿ ನಿಜವಾಗ್ ಆಡ್ಬೇಕು” ಎಂದ.

ಟೂರ್ನಮೆಂಟಿಗೆ ನನ್ನನ್ನೂ ಕರೆದುಕೊಂಡು ಹೋದ. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತಿತು. ನಾವೆಲ್ಲ ಇಳಿದು ನಿಂತೆವು, ಪಿಳ್ಳಪ್ಪ ತಳ್ಳಿದ. ಸುಸ್ತಾಗುತ್ತದೆ ಬೇಡವೋ ಎಂದರೆ ಕೇಳಲಿಲ್ಲ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಗಣಿಯವನ ಮಾತೇ. ಎಡಗೈ ಆಟಗಾರನೋ, ಬಲಗೈ ಆಟಗಾರನೋ? ಸೋಡಾ ಕುಡಿಯುತ್ತಾನೋ ಇಲ್ಲವೋ?

ಗಣಿಯವನು ಬರಲಿಲ್ಲ. ಜ್ವರವಂತೆ.

ಬಾಕ್ಸಿಂಗಿನಲ್ಲಿ ಒಂದು ವಿಚಿತ್ರ ಕಾನೂನು ಇದೆ, ಕೇಳಿ. ಎದುರಾಳಿ ಬಾರದಿದ್ದರೆ ಕಪ್ಪನ್ನು ಕೈಗಿತ್ತು ಸುಮ್ಮನೆ ಕಳಿಸುವುದಿಲ್ಲ. ಚಡ್ಡಿ, ಬನಿಯನ್ನು, ಗ್ಲೌಸು ಎಲ್ಲ ತೊಟ್ಟು ಒಬ್ಬನೇ ರಿಂಗಿಗೆ ಹತ್ತಬೇಕು. ಗಂಟೆ ಹೊಡೆಯುತ್ತಾರೆ. ಆಮೇಲೆ ರೆಫರಿ ಬಂದು ಕೈ ಎತ್ತಿ, ಇವನೇ ಗೆದ್ದವನು ಎಂದು ಸಾರುತ್ತಾನೆ.

ಪಿಳ್ಳಪ್ಪ ಹತ್ತಿದ. ಗಂಟೆ ಹೊಡೆಯಿತು. ಅಭ್ಯಾಸಬಲ ನೋಡಿ, ಅವನ ಕೈಗಳು ತಾವಾಗಿಯೇ ಮೇಲೆದ್ದವು. ಗದ್ದ ಕೆಳಗಿಳಿಯಿತು. ಒಂದು ಹೆಜ್ಜೆ ಮುಂದಿಟ್ಟೂ ಬಿಟ್ಟ. ಎದುರಿನ ಮೂಲೆಯ ಸ್ಟೂಲಿನ ಮೇಲೆ ಯಾರದೋ ಟವೆಲ್ ಬಿದ್ದಿತ್ತು, ಅಷ್ಟೇ. ರೆಫರಿ ಕೈ ಹಿಡಿಯಲು ಬಂದರೆ ಪಿಳ್ಳಪ್ಪ ಕೊಡಲಿಲ್ಲ.

“ಇನ್ನೊಂಚೂರು ಕಾಯಾಣ ಸಾ. ಜ್ವರ ಇಳ್ದು ಬಂದ್ರೂ ಬರ್ಬೋದು.”

ಜನ ಗೊಳ್ಳೆಂದು ನಕ್ಕರು. ರೆಫರಿ ಹೇಗೋ ಕೈ ಎತ್ತಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನಿಂದ ತಟ್ಟಲಾಗಲಿಲ್ಲ.

ಹೊಸಕೋಟೆಯಲ್ಲಿ ಬಸ್ಸು ಇಳಿದರೆ ತಮಟೆಯವರು ಕಾದಿದ್ದರು. ಎದುರಿಗೆ ಯಾರೂ ಬರಲಿಲ್ಲ ಎಂದು ನಾನೇ ಪೆಚ್ಚುಮೋರೆ ಹಾಕಿಕೊಂಡು ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಗರಡಿಯ ಉಸ್ತಾದ್ ಹನುಮಂತಪ್ಪನವರು (ಮೀಸೆ ಬೆಳ್ಳಗಾದರೂ ತೊಡೆ ತಟ್ಟುವುದನ್ನು ಬಿಟ್ಟಿಲ್ಲ) ಎದ್ದು ನಿಂತು ಕೂಗಿದರು.

“ಕೇಳಿದ್ರೇನ್ರಲಾ! ನಮ್ ಹುಡ್ಗನ್ ಮುಂದೆ ನಿಂತ್ಕೊಳ್ಳೋಕೆ ಬೆಂಗ್ಳೂರ್ನಾಗೆ ಒಬ್ಬನ್ಗೂ ಗುಂಡಿಗೆ ಇಲ್ಲ!”

ಕುಸ್ತಿಯವರ ಪದ್ಧತಿಯೇ ಹಾಗೆ. ಪೈಲ್ವಾನ ಅಖಾಡದಲ್ಲಿ ತೊಡೆ ತಟ್ಟಿ ಸುತ್ತು ಹಾಕಿದಾಗ ಯಾರೂ ಇಳಿಯದಿದ್ದರೆ, ಅದಕ್ಕಿಂತ ದೊಡ್ಡ ಗೆಲುವಿಲ್ಲ. ಪೇಟ ಸುತ್ತಿದರು. ಹಾರ ಹಾಕಿದರು. ಹೆಗಲ ಮೇಲೆ ಹೊರಲು ಹೋಗಿ ಸೋತರು. ಅಷ್ಟು ದೊಡ್ಡ ಹಾರದೊಳಗೆ ಪಿಳ್ಳಪ್ಪನ ಮುಖ ಸಾವಿನ ಮನೆಯಿಂದ ಬಂದವನ ಹಾಗಿತ್ತು. ಅದನ್ನು ಯಾರೂ ನೋಡಲಿಲ್ಲ.

ಮನಸ್ಸು ತಡೆಯದೆ ಭಾನುವಾರ ಅವನ ಊರಿಗೆ ಹೋದೆ. ರಾಗಿ ಕಣದಲ್ಲಿ ಕೂತಿದ್ದ. ಒಂದು ಜೊತೆ ಗ್ಲೌಸು ಕೈಯಲ್ಲಿ, ಇನ್ನೊಂದು ಜೊತೆ ಪಕ್ಕದಲ್ಲಿ.

“ಮೇಷ್ಟ್ರೇ, ಒಂದು ಗುದ್ದು ಗುದ್ದಿ.”

“ನಾನಾ? ಗರಡಿ ಹುಡುಗರೆಲ್ಲ ಏನಾದ್ರೋ?”

“ಅವ್ರೆಲ್ಲಿ ಹೊಡೀತಾರೆ? ಕಾಲಿಗ್ ಬೀಳ್ತಾರೆ. ನನ್ ಮೇಲೆ ಕೈ ಎತ್ತೋ ಹಕ್ಕು ಈಗ ನಿಮಗೊಬ್ರಿಗೇ ಇರೋದು. ಲೆಕ್ಕ ತಪ್ಪಿದಾಗೆಲ್ಲ ಬಾರ್ಸ್ತಿರ್ಲಿಲ್ವಾ?”

ಸಾರ್ಜೆಂಟನ ಗ್ಲೌಸು ತೊಟ್ಟೆ. ಅದರೊಳಗೆ ನನ್ನ ಕೈ ಗುಡಾಣದೊಳಗಿನ ಸೌಟಿನ ಹಾಗೆ ಅಲ್ಲಾಡಿತು. ಪಂಚೆ ಎತ್ತಿ ಕಟ್ಟಿ ಒಂದು ಕೊಟ್ಟೆ.

“ಇದೇನ್ ಮೇಷ್ಟ್ರೇ, ನೊಣ ಓಡಿಸ್ತಿದೀರಾ?”

ನನಗೆ ರೇಗಿತು. “ಏಳೆಂಟ್ಲ ಎಷ್ಟೋ?” ಎಂದು ಗದರಿದೆ.

“ಅರವತ್ನಾಲ್ಕು!”

ಮೇಷ್ಟರಾಗಿದ್ದವನ ಕೈ ಅಲ್ಲವೇ? ಅದು ನನ್ನನ್ನು ಕೇಳದೆಯೇ ಹೋಗಿ ಅವನ ಮೂಗಿನ ಮೇಲೆ ಬಿತ್ತು.

ಪಿಳ್ಳಪ್ಪನ ಕಣ್ಣಲ್ಲಿ ನೀರು ತುಂಬಿತು. ನಾನು ಹೆದರಿಬಿಟ್ಟೆ. “ನೋವಾಯ್ತೇನೋ?” ಎಂದೆ.

“ಇಲ್ಲ ಮೇಷ್ಟ್ರೇ. ಅದೇ ಬೇಜಾರು.”

ಗ್ಲೌಸನ್ನು ಪಕ್ಕಕ್ಕಿಟ್ಟು ಹೇಳಿದ. “ಸಾರ್ಜೆಂಟ್ ಹೊಡ್ದಾಗ ನಾನು ಎಷ್ಟರೋನು ಅಂತ ನನಗೇ ತಿಳೀತಿತ್ತು. ಈಗ ಊರೋರೆಲ್ಲ ಚಾಂಪಿಯನ್ನು ಅಂತಾರೆ. ಹೌದೋ ಅಲ್ವೋ ಅಂತ ಹೇಳೋಕೆ ಒಬ್ಬನೂ ಇಲ್ಲ.”

ಬಿಳಿಯರು ಹೋದ ದಿನ ನಾವೆಲ್ಲ ದೀಪ ಹಚ್ಚಿದೆವು. ನಾನೂ ಹಚ್ಚಿದೆ, ಸಂತೋಷದಿಂದಲೇ. ಇವತ್ತು ಹೇಳಿದರೂ ಹಚ್ಚುತ್ತೇನೆ. ಆದರೆ ಹಾಗೆ ಹಡಗು ಹತ್ತಿ ಹೋದವರ ಪೈಕಿ ಒಬ್ಬನಿಗಾಗಿ ನಮ್ಮ ಅನುಗೊಂಡನಹಳ್ಳಿ ಕಡೆ ಒಂದು ಜೀವ ಹೀಗೆ ಹಂಬಲಿಸುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಗೆಳೆಯನಿಗಾಗಿ ಹಂಬಲಿಸುವವರನ್ನು ನೋಡಿದ್ದೇನೆ. ಏಟು ಕೊಡುವವನಿಗಾಗಿ ಹಂಬಲಿಸುವವನನ್ನು ನೋಡಿದ್ದು ಇದೇ ಮೊದಲು. ಅಥವಾ ಎರಡೂ ಒಂದೇ ಏನೋ.

ಮುಂದಿನ ವರ್ಷವೂ ಎದುರಿಗೆ ಯಾರೂ ಬಾರದಿದ್ದರೆ ಆ ರಿಂಗು ಹತ್ತುವುದಿಲ್ಲ ಎಂದಿದ್ದಾನೆ. ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ಅವನ ಹಟ ನನಗೆ ಗೊತ್ತು.

ಹಾಗಾಗಿ ಓದುಗ ಮಹಾಶಯರೇ, ನಿಮ್ಮಲ್ಲಿ, ನಿಮ್ಮ ನೆಂಟರಲ್ಲಿ, ನಿಮ್ಮೂರಿನಲ್ಲಿ ಬಾಗಿಲಿಗೆ ತಲೆ ತಗುಲುವಂಥ ಆಳು ಯಾರಾದರೂ ಇದ್ದರೆ ದಯವಿಟ್ಟು ಹೊಸಕೋಟೆಗೆ ಕಳಿಸಿ. ಗ್ಲೌಸು ಇಲ್ಲೇ ಇದೆ. ಮುದ್ದೆ, ಕೋಳಿ ಸಾರು ಪಿಳ್ಳಪ್ಪನ ಮನೆಯಲ್ಲಿ. ಸೋಡಾ ನನ್ನದು.

ಇಷ್ಟು ದೊಡ್ಡ ಮೈಸೂರು ಸೀಮೆಯಲ್ಲಿ ನಮ್ಮ ಹುಡುಗನಿಗೆ ನೋವಾಗುವ ಹಾಗೆ ಹೊಡೆಯುವ ಪುಣ್ಯಾತ್ಮ ಒಬ್ಬನೂ ಇಲ್ಲವೇ?