ಒಂಟಿ ಸೀನು

ಕೂಗುವಾಗ ನಮ್ಮತ್ತೆಯ ಕುತ್ತಿಗೆಯ ಎಡಬದಿಯಲ್ಲಿ ಕಿರುಬೆರಳು ದಪ್ಪದ ನರವೊಂದು ಎದ್ದು ನಿಲ್ಲುತ್ತಿತ್ತು. ಹಿರೇಗುಂಟನೂರಿನ ಬಯಲಲ್ಲಿ ಕುರಿ ಕಾಯುತ್ತ ಬೆಳೆದ ಗಂಟಲು. ಮೆಲ್ಲಗೆ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಪಕ್ಕದಲ್ಲಿ ಉಣ್ಣುತ್ತಿರುವವರಿಗೆ ಸಾರು ಬೇಕೇ ಎಂದು ಕೇಳಿದರೂ ಬೀದಿಯವರು ಇಣುಕಿ ನೋಡಬೇಕು. ಕಂಡಕ್ಟರ್, ಡಾಕ್ಟರ್, ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ, ಗಂಡಸು ಯಾರೇ ಆಗಲಿ ಅವಳಿಗೆ ‘ಅಪ್ಪಾ’. "ಅಪ್ಪಾ, ದುರ್ಗದ ಬಸ್ಸು ಯಾವ್ದಪ್ಪಾ?" ಎಂದು ಅವಳು ಕೇಳಿದರೆ ಬಸ್‌ಸ್ಟ್ಯಾಂಡಿನ ಅರ್ಧ ಜನ ಉತ್ತರ ಕೊಡುತ್ತಿದ್ದರು.

ಅವ್ವ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪನ ಅಕ್ಕನಾದ ಇವಳೇ ನನ್ನನ್ನು ಸಾಕಿದಳು. ನಾನೋ ಹುಟ್ಟು ಪುಕ್ಕಲಿ. ಗುಡುಗಿಗೆ, ಟಗರಿಗೆ, ಗಣಿತದ ಮೇಷ್ಟ್ರಿಗೆ, ಎಲ್ಲದಕ್ಕೂ ಹೆದರಿ ಅವಳ ಕಂಬಳಿಯೊಳಗೆ ನುಗ್ಗುತ್ತಿದ್ದೆ. "ಹಗ್ಗ ಕಂಡ್ರೂ ಹಾವು ಅಂತೀಯಲ್ಲೇ ಪುಕ್ಲಿ, ನಾನಿಲ್ವೇನೇ?" ಎನ್ನುತ್ತಿದ್ದಳು. ತೋಳ ಬಂದರೂ ಕೋಲು ಹಿಡಿದು ನಿಲ್ಲುವ ಹೆಂಗಸು ಮಣಿಯುತ್ತಿದ್ದುದು ಶಕುನಕ್ಕೆ ಮಾತ್ರ. ಹೊರಡುವಾಗ ಒಂಟಿ ಸೀನು ಬಿತ್ತೋ, ಇಟ್ಟ ಹೆಜ್ಜೆ ಹಿಂದಕ್ಕೆ. ಅರೆಗಳಿಗೆ ಕೂತು, ಒಂದು ಗುಟುಕು ನೀರು ಕುಡಿದೇ ಮುಂದಿನ ಮಾತು. ಆ ಸೀನುಗಳಿಂದ ನಮಗೆ ತಪ್ಪಿದ ಬಸ್ಸುಗಳಿಗೆ ಲೆಕ್ಕವಿಲ್ಲ.

ಓದಲು ಬುಡಾಪೆಸ್ಟಿಗೆ ಹೋದವಳು ಎರಡನೇ ವರ್ಷ ಅತ್ತೆಯನ್ನು ಕರೆಸಿಕೊಂಡೆ. ನಾನು ಕೊಡಿಸಿದ ದಪ್ಪ ಕೋಟಿನ ಮೇಲೆ ಅವಳು ಕರಿಕಂಬಳಿಯನ್ನೂ ಹೊದ್ದಳು. ಡ್ಯಾನ್ಯೂಬ್ ನದಿ ನೋಡಿ, "ಮಾರಿಕಣಿವೆ ಡ್ಯಾಮು ಕೋಡಿ ಬಿದ್ದಂಗೈತೆ ಕಣೇ" ಎಂದಳು. ಗುಡ್ಡದ ಮೇಲಿನ ಅರಮನೆ, ಕೋಟೆ ತೋರಿಸಿದರೆ, "ಇದಕ್ಕೆ ಎಷ್ಟು ಸುತ್ತು?" ಎಂದು ಕೇಳಿದಳು. ನಮ್ಮ ದುರ್ಗದ ಕೋಟೆಯಂತೆ ಏಳು ಸುತ್ತಿಲ್ಲ ಎಂದು ಕೇಳಿ ಅವಳಿಗೆ ಸಮಾಧಾನವಾಯಿತು. ನನಗೆ ಮಾತ್ರ ಒಂದೊಂದು ದಿನವೂ ಎದೆ ಹೊಡೆದುಕೊಳ್ಳುತ್ತಿತ್ತು. ಅವಳಿಗೆ ಓದು ಬಾರದು, ಭಾಷೆ ಬಾರದು, ಮೇಲೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಬೆವತು ನಿಂತಲ್ಲೇ ಬೀಳುತ್ತಿದ್ದಳು. ಅವಳ ರೊಟ್ಟಿ, ಫೋನು, ಪಾಸ್‌ಪೋರ್ಟು ಎಲ್ಲವೂ ನನ್ನ ಬ್ಯಾಗಿನಲ್ಲೇ ಇರುತ್ತಿದ್ದವು. ಅವನ್ನು ಅವಳು ಎಲ್ಲಾದರೂ ಕಳೆದುಕೊಂಡಾಳೆಂಬ ಭಯ ನನಗೆ.

ಆ ದಿನ ಹೊಳೆ ದಂಡೆಯ ಸ್ಟಾಪಿನಲ್ಲಿ ಟ್ರಾಮು ಹತ್ತಿದೆ. ಅತ್ತೆಯ ಒಂದು ಕಾಲು ಮೆಟ್ಟಿಲ ಮೇಲಿತ್ತು. ಅವಳ ಹಿಂದಿದ್ದ ಯಾರೋ ಒಮ್ಮೆ ಸೀನಿದರು. ಒಂದೇ ಸಲ. ಅತ್ತೆ ಕಾಲು ಹಿಂದಕ್ಕೆ ತೆಗೆದಳು. ಬಾಗಿಲು ಮುಚ್ಚಿತು. ನಾನು ಗಾಜು ಬಡಿದೆ, ಕಿರುಚಿದೆ, ಟ್ರಾಮು ನಿಲ್ಲಲಿಲ್ಲ. ಕರಿಕಂಬಳಿ ಸಣ್ಣದಾಗುತ್ತ ಹೋಗಿ ಜನರಲ್ಲಿ ಮರೆಯಾಯಿತು.

ಮುಂದಿನ ಸ್ಟಾಪಿನಲ್ಲಿ ಇಳಿದು ಬಿದ್ದೆನೋ ಎದ್ದೆನೋ ಎಂದು ವಾಪಸ್ ಓಡಿದೆ. ಅತ್ತೆ ಅಲ್ಲಿರಲಿಲ್ಲ. ಬೆಂಚಿನ ಹಿಂದೆ ನೋಡಿದೆ, ಅಂಗಡಿಗಳೊಳಗೆ ನೋಡಿದೆ. ಕಟ್ಟೆಯ ಕೆಳಗೆ ನದಿ ಕಪ್ಪಗೆ ಹರಿಯುತ್ತಿತ್ತು, ಅದನ್ನು ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ. ಪೊಲೀಸರಿಗೆ ಕರೆ ಮಾಡಿ, ನಮ್ಮತ್ತೆ ಕಳೆದುಹೋಗಿದ್ದಾಳೆ, ಭಾರತದವಳು ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಆ ಕಡೆಯವರು ಸಾವಧಾನವಾಗಿ ಹೇಳಿದರು: ಅತ್ತೆ ಕಳೆದುಹೋಗಿರುವ ದೂರು ಯಾವುದೂ ಇಲ್ಲ. ಭಾರತದ ಒಬ್ಬ ಮುದುಕರು ಕಳೆದುಹೋಗಿದ್ದಾರೆ, ಅವರ ಮಗಳು ಠಾಣೆಯಲ್ಲಿ ಕೂತು ತಂದೆಯನ್ನು ಹುಡುಕಿಕೊಡಿ ಎಂದು ಗೋಳಾಡುತ್ತಿದ್ದಾರೆ, ಅವರನ್ನೇ ಹುಡುಕುತ್ತಿದ್ದೇವೆ. ನಿಮ್ಮದನ್ನೂ ಬರೆದುಕೊಳ್ಳುತ್ತೇವೆ. ಪಾಪ, ಇನ್ನೊಬ್ಬಳಿಗೂ ನನ್ನದೇ ಗತಿ ಎಂದುಕೊಂಡು ಫೋನಿಟ್ಟೆ.

ಅತ್ತೆಯ ಊಟದ ಹೊತ್ತು ಮೀರಿತ್ತು. ಎಲ್ಲೋ ಗೋಡೆಯ ಪಕ್ಕ ಅವಳು ಬೆವತು ಕುಸಿದಿರುವುದು, ಕುಡಿದು ಬಿದ್ದಿದ್ದಾಳೆಂದು ಜನ ದಾಟಿಕೊಂಡು ಹೋಗುತ್ತಿರುವುದು ಕಣ್ಣಿಗೆ ಕಟ್ಟತೊಡಗಿತು. ಊರಿನ ದೇವರಿಗೆಲ್ಲ ಹರಕೆ ಹೊತ್ತೆ. ಆಗ ದಂಡೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಮುಂದೆ ಹೋಗುತ್ತಿದ್ದ ತನ್ನ ತಂದೆಯನ್ನು ಕೂಗುತ್ತ ಓಡಿದಳು: "ಅಪಾ! ಅಪಾ!"

ಆ ನಾಡಿನ ಭಾಷೆಯಲ್ಲೂ ತಂದೆಗೆ ಹಾಗೇ ಅನ್ನುತ್ತಾರೆ. ನನಗೆ ಗೊತ್ತಿದ್ದ ಮಾತೇ ಅದು, ಗಾಬರಿಯಲ್ಲಿ ಹೊಳೆದಿರಲಿಲ್ಲ. ನಮ್ಮತ್ತೆ ಕಂಡಕಂಡ ಗಂಡಸರ ಮುಂದೆ ಕೈಮುಗಿದು ‘ಅಪ್ಪಾ, ಅಪ್ಪಾ’ ಎಂದಿದ್ದಾಳೆ. ಕಂಬಳಿ ಹೊದ್ದ ಈ ಅರವತ್ತು ದಾಟಿದ ಮಗಳ ತಂದೆಯನ್ನು ಪಾಪ ಊರಿನ ಪೊಲೀಸರೆಲ್ಲ ಹುಡುಕುತ್ತಿದ್ದಾರೆ!

ಮತ್ತೆ ಫೋನು ಮಾಡಿ ವಿಳಾಸ ಕೇಳಿಕೊಂಡು ಠಾಣೆಗೆ ಓಡಿದೆ. ಅತ್ತೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಡಿಲಲ್ಲಿ ಯಾರೋ ಕೊಟ್ಟ ಬನ್ನಿನ ಚೂರುಗಳು. ಜೀವ ಬಂದಂತಾಗಿ, ಅಳುತ್ತಲೇ ಗದರಿದೆ: "ಎಲ್ಲಿ ಕಳ್ದುಹೋಗಿದ್ದೆ ಅತ್ತೆ?"

ಅವಳು ಬಾಯಿ ತೆರೆದಳು, ದನಿ ಬರಲಿಲ್ಲ. ನನ್ನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಬೀದಿಯಲ್ಲೂ, ಠಾಣೆಯ ಬಾಗಿಲಲ್ಲೂ ನಿಂತು ಕೂಗಿದರೆಂದು ಪೊಲೀಸಿನವನು ಹೇಳಿದ.

"ನಾನೆಲ್ಲಿ ಕಳ್ದಿದ್ದೆ? ನಿಂತಲ್ಲೇ ನಿಂತಿದ್ದೆ, ಈ ಅಪ್ಪ ಬಂದು ಕರ್ಕಂಡು ಬಂದ. ಕಳ್ದಿದ್ದು ನೀನು. ಆ ಬಂಡಿ ನಿನ್ನ ಎತ್ಕಂಡು ಹೋತು" ಎಂದು ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ನಮ್ಮುಡುಗಿ ಭಾಳ ಪುಕ್ಲಿ, ಒಬ್ಳೇ ಇದ್ರೆ ಎದೆ ಒಡ್ಕಂತಾಳೆ, ಬೇಗ ಹುಡುಕ್ರಪ್ಪಾ ಅಂತ ಇವರಿಗೆಲ್ಲ ಹೇಳಿದೆ." ಕಂಬಳಿಯೊಳಗೆ ಅವಳ ಮೈ ನಡುಗುತ್ತಿತ್ತು. ಚಳಿಗಲ್ಲ. ಈ ಹೆಂಗಸಿಗೂ ಹೆದರಿಕೆ ಇತ್ತೆಂದು, ಅದು ನನ್ನ ಸಲುವಾಗಿ ಎಂದು ಅವತ್ತು ತಿಳಿಯಿತು.

ಹೋದ ವರ್ಷ ಅತ್ತೆ ದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ನಾನು ಓದು ಮುಗಿಸಿ ಬಂದಿದ್ದೆ. ಹಿರೇಗುಂಟನೂರಿನ ಹೊಲದಲ್ಲಿ ಅವಳನ್ನು ಮಣ್ಣು ಮಾಡಿ ಎಲ್ಲರೂ ಹೊರಟೆವು. ಮುಂದೆ ನಡೆಯುತ್ತಿದ್ದ ಚಿಕ್ಕಪ್ಪ ಹೇಳಿದ: "ತಿರುಗಿ ನೋಡ್ಬಾರ್ದು ಕಣವ್ವ, ಒಳ್ಳೇದಲ್ಲ. ಬಾ, ಮನಿಗೆ ಹೋಗಾಣ."

ನಾನು ತಿರುಗಿ ನೋಡಿದೆ. ಬಯಲಿನ ನಡುವೆ ಅವಳೊಬ್ಬಳನ್ನೇ ಬಿಟ್ಟು ನಾವೆಲ್ಲ ಹೊರಟಿದ್ದೆವು. ಈ ಸಲ ವಾಪಸ್ ಓಡಿದರೂ ಅವಳು ಸಿಗುವುದಿಲ್ಲವೆಂದು ಗೊತ್ತಿತ್ತು. ಚಿಕ್ಕಪ್ಪ ಕೈ ಹಿಡಿದು ಎಳೆಯುವವರೆಗೂ ನಿಂತೇ ಇದ್ದೆ.